ಚುಕ್ಕಿ ಎಣಿಸಿ ಸೂತ್ರ ಹುಡುಕಲು ಯಾವ ದಾರಿ? ಪಟ್ಟಿಯೋ, ಚಿತ್ರವೋ?

ಬೆಂಕಿಕಡ್ಡಿಯಿಂದ ಒಂದು ಚೌಕ ಮಾಡಲು 4 ಕಡ್ಡಿ ಬೇಕು. ಪಕ್ಕಕ್ಕೆ ಇನ್ನೊಂದು ಚೌಕ ಸೇರಿಸಿದರೆ ಒಟ್ಟು 7. ಮೂರು ಚೌಕಕ್ಕೆ 10. ಹಾಗಾದರೆ 100 ಚೌಕಕ್ಕೆ?

ಏಳನೇ ತರಗತಿಯಲ್ಲಿರುವ ಮಗಳು ಈ ಲೆಕ್ಕ ಹಿಡಿದು ಬಂದಳು. ನನಗೆ ಶಾಲೆಯಲ್ಲಿ ಕಲಿಸಿದ್ದು ಒಂದೇ ದಾರಿ: ಪಟ್ಟಿ ಬರಿ, ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ನೋಡು, ಸೂತ್ರ ಕಟ್ಟು. ಅವಳಿಗೆ ಚಿತ್ರ ನೋಡಿಯೇ ಹೇಳುವ ಆಸೆ. ಸರಿ, ಎರಡನ್ನೂ ಮಾಡಿ ನೋಡೋಣ ಅಂತ ಕೂತೆವು. ಎರಡು ವಾರ ಸಂಜೆಯೆಲ್ಲ ಇದೇ ಆಯಿತು.

ಬೆಂಕಿಕಡ್ಡಿಯಲ್ಲಿ ಚಿತ್ರವೇ ಗೆದ್ದಿತು. ಪಟ್ಟಿ ನೋಡಿದಾಗ ಅವಳಿಗೆ ಹೊಳೆದದ್ದು "ಮೂರು ಮೂರು ಸೇರಿಸ್ತಾ ಹೋಗೋದು" ಅಂತ ಮಾತ್ರ. ಅದು ನಿಜ. ಆದರೆ 100ಕ್ಕೆ ಹೋಗಲು ಅಷ್ಟು ಸಲ ಕೂಡಬೇಕಲ್ವಾ? ಅಡ್ಡದಾರಿ ಹುಡುಕಿ, 5 ಚೌಕಕ್ಕೆ 16 ಬಂದಿದೆ, 10ಕ್ಕೆ 32 ಇರಬೇಕು ಅಂದಳು. ನಿಜವಾದ ಉತ್ತರ 31. ಎಡತುದಿಯ ಕಡ್ಡಿಯನ್ನು ನಾನು ಬೇರೆ ಇಟ್ಟೆ. ಉಳಿದದ್ದರಲ್ಲಿ ಪ್ರತಿ ಚೌಕಕ್ಕೆ ಮೂರೇ ಕಡ್ಡಿ. ತಕ್ಷಣ "ಹಾಗಾದ್ರೆ 301!" ಅಂದಳು. 32 ಯಾಕೆ ತಪ್ಪು ಅನ್ನುವುದೂ ಗೊತ್ತಾಯಿತು. ಎರಡು ಸಾಲನ್ನು ಜೋಡಿಸುವಾಗ ಎರಡು ಕಡ್ಡಿಗಳು ಒಂದೇ ಜಾಗಕ್ಕೆ ಬರುತ್ತವೆ, ಒಂದು ಸಾಕು.

ಆಮೇಲೆ ರಂಗೋಲಿಗೆ ಬಂದೆವು. ಇದು ನನ್ನ ಇಷ್ಟದ ಜಾಗ. 7ರಿಂದ 1ರವರೆಗೆ ನೇರ ಚುಕ್ಕಿ ಅಂದರೆ ನಡುವೆ 7, ಮೇಲೂ ಕೆಳಗೂ 5, 3, 1. ಒಟ್ಟು 25. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ 1, 5, 13, 25, 41. ವ್ಯತ್ಯಾಸ 4, 8, 12, 16. ಅವುಗಳ ವ್ಯತ್ಯಾಸ ಎಲ್ಲೆಡೆ 4. ಎರಡನೇ ಸಾಲಿನ ವ್ಯತ್ಯಾಸ ಒಂದೇ ಇದ್ದರೆ ಸೂತ್ರದಲ್ಲಿ ವರ್ಗ ಇರುತ್ತದೆ, ಮತ್ತು ಅದರ ಮುಂದೆ ಆ ವ್ಯತ್ಯಾಸದ ಅರ್ಧ ಬರುತ್ತದೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಬರೀ ಕೂಡಿ ಕಳೆಯುವ ಕೆಲಸ. ಸಿಕ್ಕಿದ್ದು 2ಎನ್² − 2ಎನ್ + 1. ಎನ್ ಅಂದರೆ ಎಷ್ಟನೇ ಚಿತ್ರ ಅನ್ನುವ ಸಂಖ್ಯೆ. ಉತ್ತರ ಸರಿಯೇ. ಆದರೆ ಅದು ಎಲ್ಲಿಂದ ಬಂತು ಅಂತ ಮಗಳು ಕೇಳಿದಾಗ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ಮರುದಿನ ಅದೇ ಚುಕ್ಕಿಗಳನ್ನು ಓರೆಯಾಗಿ ನೋಡಿದೆವು. ಓರೆ ಸಾಲುಗಳಲ್ಲಿ 4, 3, 4, 3, 4, 3, 4 ಚುಕ್ಕಿಗಳಿವೆ. ನಾಲ್ಕರ ಸಾಲು ನಾಲ್ಕು, ಮೂರರ ಸಾಲು ಮೂರು. ಅಂದರೆ 16 + 9. ಒಂದು ಚೌಕದ ಸಂದಿನಲ್ಲಿ ಇನ್ನೊಂದು ಚೌಕ ಕೂತಿದೆ! ಎಷ್ಟನೇ ಚಿತ್ರವೋ ಅದರ ವರ್ಗ, ಜೊತೆಗೆ ಹಿಂದಿನದರ ವರ್ಗ. ಇಷ್ಟು ವರ್ಷ ರಂಗೋಲಿ ಹಾಕಿದ್ದೇನೆ, ಈ ಎರಡು ಚೌಕಗಳನ್ನು ಅವತ್ತೇ ಕಂಡದ್ದು. ಬಿಡಿಸಿ ನೋಡಿದರೆ ಪಟ್ಟಿಯ ಸೂತ್ರವೂ ಇದೇ.

ಇಲ್ಲಿಗೇ ನಿಲ್ಲಿಸಿದ್ದರೆ ಚಿತ್ರದ ದಾರಿಯೇ ಸಾಕು ಅಂತಿದ್ದೆ. ಸಂದು ಚುಕ್ಕಿ, ಅಂದರೆ ಒಂದು ಸಾಲಿನ ಚುಕ್ಕಿಗಳ ಸಂದಿನ ನೇರಕ್ಕೆ ಮುಂದಿನ ಸಾಲಿನ ಚುಕ್ಕಿ ಇಡುವ ಬಗೆ, ಆ ಮಾತನ್ನು ಬದಲಿಸಿತು. 7ರಿಂದ 4ರವರೆಗೆ ಸಂದು ಚುಕ್ಕಿ ಹಾಕಿದರೆ ನಡುವೆ 7, ಎರಡೂ ಕಡೆ 6, 5, 4. ಒಟ್ಟು 37, ಆರು ಮೂಲೆಯ ಆಕಾರ. ಓರೆಯಾಗಿ ನೋಡಿದರೂ ಅದೇ 4, 5, 6, 7, 6, 5, 4. ಯಾವ ಕಡೆಯಿಂದ ನೋಡಿದರೂ ಒಂದೇ ತರ ಇದ್ದಾಗ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಎರಡು ಸಂಜೆ ಸುಮ್ನೆ ನೋಡುತ್ತಾ ಕೂತೆವು.

ಕೊನೆಗೆ ಪಟ್ಟಿಯೇ ಕೈಹಿಡಿಯಿತು. 1, 7, 19, 37. ವ್ಯತ್ಯಾಸ 6, 12, 18. ಸೂತ್ರ 3 × ಎನ್ × (ಎನ್ − 1) + 1. ಇದನ್ನು ಓದಿದ ಮೇಲೆ ಏನು ಹುಡುಕಬೇಕು ಅಂತ ಗೊತ್ತಾಯಿತು: ಒಂಟಿ ಚುಕ್ಕಿ ಒಂದು, ಒಂದೇ ಅಳತೆಯ ತುಂಡು ಮೂರು. ನಡುವಿನ ಚುಕ್ಕಿ ಬಿಟ್ಟು ಮೂರು ಬಣ್ಣದ ಪುಡಿ ಹಾಕಿದೆವು. ಸುತ್ತ ನಾಲ್ಕು-ಮೂರರ ಓರೆ ತುಂಡುಗಳು ಮೂರು, ಗಿರಗಟ್ಟಲೆಯ ರೆಕ್ಕೆಗಳ ಹಾಗೆ ಕೂತವು. 12 ಮೂರು ಸಲ, ಮೇಲೆ ಒಂದು.

ಮೂರನೇ ದಾರಿಯೊಂದನ್ನೂ ನೋಡಿದೆವು: ಅದೇ ಆಕಾರದ ಇನ್ನೊಂದು ಪ್ರತಿ ಮಾಡಿ ಜೋಡಿಸುವುದು. 1, 3, 6, 10 ಎಂದು ಬೆಳೆಯುವ ತ್ರಿಕೋನಕ್ಕೆ ಇದರಷ್ಟು ಚೆಂದದ್ದು ಬೇರೆ ಇಲ್ಲ. ಒಂದನ್ನು ತಿರುಗಿಸಿ ಇಟ್ಟರೆ ಆಯತ, ಅದರ ಅರ್ಧ ಉತ್ತರ. ಇಂಥ ರಾಶಿಗಳಿಗೆ ಆರ್ಯಭಟ 499ರಲ್ಲೇ ಸೂತ್ರ ಹೇಳಿದ್ದ, ಅವುಗಳನ್ನು 'ಚಿತಿ' ಎಂದು ಕರೆದಿದ್ದ. ಸುಮಾರು ಸಾವಿರ ವರ್ಷದ ಮೇಲೆ ಕೇರಳದ ನೀಲಕಂಠ ಸೋಮಯಾಜಿ ಅವನ ಗ್ರಂಥಕ್ಕೆ ಭಾಷ್ಯ ಬರೆಯುವಾಗ ಹೀಗೇ ತುಂಡುಗಳನ್ನು ಜೋಡಿಸಿ ಕಾರಣ ತೋರಿಸಿದ. ಆದರೆ ಎಲ್ಲ ಆಕಾರಕ್ಕೂ ಈ ದಾರಿ ಒಗ್ಗುವುದಿಲ್ಲ.

ಪಟ್ಟಿಯನ್ನು ನಂಬಿ ನಾವು ಎಡವಿದ್ದೂ ಇದೆ. ತಟ್ಟೆ ಇಟ್ಟು ವೃತ್ತ ಬರೆದು, ಅಂಚಿನಲ್ಲಿ ಚುಕ್ಕಿ ಇಟ್ಟು, ಎಲ್ಲವನ್ನೂ ಒಂದಕ್ಕೊಂದು ಗೆರೆಯಿಂದ ಸೇರಿಸಿದರೆ ವೃತ್ತ ಎಷ್ಟು ತುಂಡಾಗುತ್ತದೆ? 1, 2, 4, 8, 16. ಮುಂದಿನದು 32 ಅಂತ ಇಬ್ಬರೂ ಬರೆದೆವು. ಎಣಿಸಿದರೆ 30. ಚುಕ್ಕಿಗಳನ್ನು ಸಮದೂರದಲ್ಲಿ ಇಟ್ಟಿದ್ದರಿಂದ ನಡುವೆ ಮೂರು ಗೆರೆ ಒಂದೇ ಕಡೆ ಸೇರಿದ್ದವು. ಸ್ವಲ್ಪ ಸರಿಸಿ ಮತ್ತೆ ಬರೆದೆವು. 31 ಆಯಿತು. ಅದಕ್ಕಿಂತ ಜಾಸ್ತಿ ಆಗುವುದೇ ಇಲ್ಲ. ಐದು ಸಂಖ್ಯೆ ಹೊಂದಿದವು ಅಂತ ಆರನೆಯದೂ ಹೊಂದಲೇಬೇಕು ಅಂತಿಲ್ಲ.

ಈಗ ನಮ್ಮ ಮನೆಯಲ್ಲಿ ಮೊದಲು ಚಿತ್ರ. ಹತ್ತು ನಿಮಿಷದಲ್ಲಿ ಏನೂ ಕಾಣದಿದ್ದರೆ ಪಟ್ಟಿ. ಪಟ್ಟಿಯಿಂದ ಸೂತ್ರ ಸಿಕ್ಕಿದರೆ ಮತ್ತೆ ಚಿತ್ರಕ್ಕೆ ವಾಪಸ್.

ಮೊನ್ನೆ ಮಗಳು ಸಂದು ಚುಕ್ಕಿಯ ಸಂಖ್ಯೆಗಳನ್ನು ಕೂಡುತ್ತಾ ಹೋದಳು. 1, ಆಮೇಲೆ 8, ಆಮೇಲೆ 27, 64. ಎಲ್ಲವೂ ಘನಗಳು! "ಅಮ್ಮ, ರಂಗೋಲಿಯೊಳಗೆ ಘನ ಹೇಗೆ ಬಂತು?" ಎಂದು ಕೇಳಿದಳು. ನಾನು ಅವಳ ರುಬಿಕ್ ಕ್ಯೂಬ್ ತಂದು, ಒಂದು ಮೂಲೆ ಅವಳ ಮೂಗಿನ ನೇರಕ್ಕೆ ಬರುವ ಹಾಗೆ ಹಿಡಿದು, ಕಾಣುವ ಚಿಕ್ಕ ಘನಗಳನ್ನು ಎಣಿಸು ಅಂದೆ. ಸುತ್ತಂಚು ಆರು ಮೂಲೆಯದಾಗಿ ಕಾಣುತ್ತಿತ್ತು. ಅವಳು ಬೆರಳಿಟ್ಟು ಎಣಿಸಿದಳು. 19.