ಯುದ್ಧಸಮಾಧಿ ಆಯೋಗದ ಶೋಧ ಸೇವೆ: ಹೆಸರು ಸಿಗುತ್ತದೆ, ಸಾವಿನ ಕಾರಣ ಸಿಗುವುದಿಲ್ಲ

ಐದಕ್ಕೆ ನಾಲ್ಕೂವರೆ ಅಂಕ. ಬ್ರಿಟನ್ ಮತ್ತು ಇತರ ಕಾಮನ್‌ವೆಲ್ತ್ ದೇಶಗಳ ಯೋಧರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಮೃತರ ವಿವರವಿದೆ. ಹುಡುಕಲು ಚಿಕ್ಕಾಸೂ ಕೊಡಬೇಕಿಲ್ಲ.

ನಾನು ಹುಡುಕಿದ್ದು ಇಂಗ್ಲೆಂಡಿನ ವೋಕಿಂಗ್‌ನಲ್ಲಿರುವ ಮಗಳ ಪಕ್ಕದ ಮನೆಯ ಅಜ್ಜಿಯ ಸೋದರಮಾವನನ್ನು. ಇಪ್ಪತ್ತರ ಹುಡುಗ, ಸಿಗ್ನಲ್ಸ್ ದಳದಲ್ಲಿ ಬೈಕಿನ ಮೇಲೆ ಸಂದೇಶ ಒಯ್ಯುವ ಕೆಲಸ. ಶತ್ರುವಿನ ಮುಖವನ್ನೇ ಕಾಣದೆ, 1940ರ ಚಳಿಗಾಲದ ಒಂದು ರಾತ್ರಿ ಇಂಗ್ಲೆಂಡಿನದೇ ರಸ್ತೆಯಲ್ಲಿ, ನಿಂತಿದ್ದ ಲಾರಿಯ ಹಿಂಬದಿಗೆ ಗುದ್ದಿ ಸತ್ತ.

ದಾವಣಗೆರೆಯಲ್ಲಿ ಬೈಕ್ ರಿಪೇರಿಯಲ್ಲೇ ಆಯುಷ್ಯ ಕಳೆದ ನನಗೆ ಇದು ವಿಚಿತ್ರವೆನಿಸಲಿಲ್ಲ. ಬಾಂಬ್ ದಾಳಿಯ ಭಯಕ್ಕೆ ಬೀದಿದೀಪಗಳನ್ನು ಆರಿಸಿದ್ದರು, ಹೆಡ್‌ಲೈಟಿಗೆ ಮುಸುಕು ಹಾಕಿ ಸೀಳಿನಷ್ಟು ಬೆಳಕು ಬಿಡುತ್ತಿದ್ದರು. ಬಿಎಸ್‌ಎ ಎಂ20 ಥರದ ಭಾರದ ಗಾಡಿ ಬ್ರೇಕ್ ಒತ್ತಿದ ಕೂಡಲೇ ನಿಲ್ಲುವಂಥದ್ದಲ್ಲ. 1941ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 9,169 ಮಂದಿ. ಬೈಕ್ ಅಪಘಾತದಲ್ಲಿ ತೀರಿಕೊಂಡ, ಮೊದಲ ಮಹಾಯುದ್ಧದ ಹೆಸರಾಂತ ಬ್ರಿಟಿಷ್ ಸೇನಾಧಿಕಾರಿ 'ಅರೇಬಿಯಾದ ಲಾರೆನ್ಸ್'ಗೆ 1935ರಲ್ಲಿ ಚಿಕಿತ್ಸೆ ನೀಡಿದ್ದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್, ಸವಾರರ ತಲೆಪೆಟ್ಟಿನ ಬಗ್ಗೆ 1941ರಲ್ಲಿ ಲೇಖನ ಪ್ರಕಟಿಸಿದರು. ಆ ನವೆಂಬರಿನಲ್ಲಿ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಈ ಹುಡುಗನ ಪಾಲಿಗೆ ವರ್ಷ ತಡವಾಗಿತ್ತು.

ನನಗೆ ಹಿಡಿಸಿದ್ದು ಆಯೋಗದ ನಿಯಮ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸೇವೆಯಲ್ಲಿದ್ದು ಸತ್ತರೆ ಸಾಕು. ಗುಂಡೋ, ಜ್ವರವೋ, ಲಾರಿಯೋ ಎಂದು ಕೇಳುವುದಿಲ್ಲ. ನಮ್ಮ ಕಡೆಯ ವೀರಗಲ್ಲು ಕಾದಿ ಮಡಿದವನಿಗೆ ಮೀಸಲು. ಇಲ್ಲಿ ದಂಡನಾಯಕನಿಗೂ ಈ ಹುಡುಗನಿಗೂ ಒಂದೇ ಅಳತೆಯ ಕಲ್ಲು, ಎತ್ತರ ಎರಡಡಿ ಎಂಟಂಗುಲ. ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವನ ಕಲ್ಲನ್ನು ನೋಡಿ ಬಂದೆವು. ಮೇಲಂಚು ತುಸು ಬಾಗಿದ ಬಿಳಿ ಕಲ್ಲು, ಅದರಲ್ಲಿ ದಳದ ಲಾಂಛನವಾದ ರೋಮನ್ನರ ದೂತದೇವತೆ ಮರ್ಕ್ಯುರಿ, ಸೇವಾ ಸಂಖ್ಯೆ, ಹೆಸರು, ದಿನಾಂಕ, ವಯಸ್ಸು, ಬುಡದಲ್ಲಿ ಮನೆಯವರು ಬರೆಸಿದ ಸಾಲು. ಅಕ್ಷರಗಳ ಸಂದಿಯಲ್ಲಿ ಪಾಚಿಯಿಲ್ಲ, ಬುಡದ ಹುಲ್ಲು ಕತ್ತರಿಸಿದ್ದರು. ಅಕ್ಕಪಕ್ಕದ ಖಾಸಗಿ ಗೋರಿಗಳು ವಾಲಿಕೊಂಡಿದ್ದವು.

ಅರ್ಧ ಅಂಕ ಕಡಿದದ್ದು ಏಕೆಂದರೆ, ಸತ್ತದ್ದು ಹೇಗೆಂದು ಕಲ್ಲೂ ಹೇಳುವುದಿಲ್ಲ, ಜಾಲತಾಣದ ಪುಟವೂ ಹೇಳುವುದಿಲ್ಲ. ಅಜ್ಜಿಯ ಮೊಮ್ಮಗ ಆತ ಫ್ರಾನ್ಸಿನ ಡನ್‌ಕರ್ಕ್ ಕಾಳಗದಲ್ಲಿ ಮಡಿದನೆಂದೇ ನಂಬಿದ್ದ. ಅಜ್ಜಿ ತಿದ್ದಿದಾಗ ಅವನ ಮುಖ ಸಪ್ಪಗಾಯಿತು. ನನಗೆ ಸಿಟ್ಟು ಬಂತು. ಕತ್ತಲಲ್ಲಿ ಗಾಡಿ ಓಡಿಸು ಎಂದು ಕಳಿಸಿದವರು ಯಾರು?

ಹುಡುಕುವವರಿಗೆ: ಹಲವು ದಾಖಲೆಗಳಲ್ಲಿ ಮೊದಲ ಹೆಸರಿನ ಬದಲು ಇನಿಷಿಯಲ್ ಮಾತ್ರ ಇರುತ್ತದೆ, ಆದ್ದರಿಂದ ಮನೆತನದ ಹೆಸರು ಮತ್ತು ವರ್ಷ ಹಾಕಿ. ಬ್ರಿಟನ್ನಿನಲ್ಲಿ ಇಂಥ ಸಮಾಧಿಗಳು 12,000ಕ್ಕೂ ಹೆಚ್ಚು ಕಡೆ ಹರಡಿವೆ. ಸ್ಥಳದ ಪುಟ ನೋಡದೆ ಹೊರಡಬೇಡಿ. ಭಾನುವಾರ ಹಳ್ಳಿಗಳಿಗೆ ಬಸ್ಸನ್ನು ನೆಚ್ಚಿಕೊಳ್ಳುವುದೂ ಬೇಡ. ಕಾರಣವೇ ಬೇಕಿದ್ದರೆ, ಇಂಗ್ಲೆಂಡಿನಲ್ಲೇ ಸತ್ತವರ ಮರಣ ಪ್ರಮಾಣಪತ್ರ ಅಲ್ಲಿನ ನಾಗರಿಕ ನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತದೆ.