ಮರಳಿ ಬಾರದ ಪೈಲಟ್: ಸಮಾಧಿ ಪಟ್ಟಿಯೋ, ಸ್ಕ್ವಾಡ್ರನ್ ಪುಸ್ತಕವೋ?

ಮೈಸೂರಿನ ಹಳೇ ಮನೆಯ ಟ್ರಂಕಿನಲ್ಲಿ ಎರಡನೇ ಮಹಾಯುದ್ಧದ ಟೆಲಿಗ್ರಾಂ ಸಿಕ್ಕಿದೆಯೇ? ಬರ್ಮಾದಲ್ಲಿ ಕಾಣೆಯಾದ ದೊಡ್ಡಜ್ಜನನ್ನು ಹುಡುಕಲು ಮುಖ್ಯವಾಗಿ ಎರಡು ದಾರಿಗಳಿವೆ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಆನ್‌ಲೈನ್ ಪಟ್ಟಿ ಉಚಿತ. ಸೇವಾ ಸಂಖ್ಯೆ, ಸಾವಿನ ದಿನಾಂಕ, ಬಹಳ ಸಲ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಕೂಡ ಸಿಗುತ್ತದೆ. ಸಮಾಧಿಯಿಲ್ಲದ ವಾಯುಪಡೆಯವರನ್ನು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿ ನೆನೆಯುತ್ತಾರೆ. ಅಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಹುಡುಕುವಾಗ ಗೌಡ, ಅಯ್ಯಂಗಾರ್‌ನಂಥ ಹೆಸರುಗಳ ಇಂಗ್ಲಿಷ್ ಕಾಗುಣಿತ ಬದಲಿಸಿ ನೋಡಿ, ಇನಿಷಿಯಲ್ ಬಿಟ್ಟೂ ನೋಡಿ.

ಆದರೆ ವಿಮಾನಕ್ಕೆ ಏನಾಯಿತೆಂದು ಈ ಪಟ್ಟಿ ಹೇಳದು. ಅದಕ್ಕೆ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಏರ್ 27 ಸರಣಿಯೇ ಬೇಕು: ಸ್ಕ್ವಾಡ್ರನ್‌ಗಳ ಕಾರ್ಯಾಚರಣೆ ದಾಖಲೆ ಪುಸ್ತಕಗಳು. ಫಾರಂ 540ರಲ್ಲಿ ದಿನದ ಸಾರಾಂಶ. 541ರಲ್ಲಿ ವಿಮಾನದ ಸಂಖ್ಯೆ, ಹಾರಿಸಿದವರ ಹೆಸರು, ಏರಿದ ಹೊತ್ತು, ಇಳಿದ ಹೊತ್ತು. ಇಳಿದ ಹೊತ್ತಿನ ಜಾಗ ಖಾಲಿಯಿದ್ದರೆ ಕರುಳು ಕಿವುಚಿದಂತಾಗುತ್ತದೆ. ಜೊತೆಗೆ ಹಾರಿದವರು ಕೊನೆಗೆ ಕಂಡದ್ದೂ ಕೆಲವೊಮ್ಮೆ ಅಲ್ಲೇ ಇರುತ್ತದೆ.

ನನ್ನ ಆಯ್ಕೆ ಎರಡನೆಯದು. ಆದರೂ ಸ್ಕ್ವಾಡ್ರನ್ ಮತ್ತು ತಿಂಗಳು ತಿಳಿಯದೆ ಅದಕ್ಕೆ ಕೈಹಾಕಬೇಡಿ. ಅವೆರಡನ್ನೂ ಮೊದಲು ಸಮಾಧಿ ಪಟ್ಟಿಯಲ್ಲೇ ಹುಡುಕಿಕೊಳ್ಳಿ.