ಮಧ್ಯಯುಗದ ಮರುಸೃಷ್ಟಿ: ಸಡಿಲ ಬಳಗವೋ, ಬಿಗಿ ತಂಡವೋ?

ಮಧ್ಯಯುಗದ ಉಡುಪು, ಊಟ, ಕಾಳಗಗಳನ್ನು ಹವ್ಯಾಸಕ್ಕಾಗಿ ಮರುಸೃಷ್ಟಿಸುವ ಗುಂಪುಗಳಲ್ಲಿ ಎರಡು ಬಗೆ: ನಿಯಮ ಸಡಿಲವಿರುವ ಬಳಗ, ಪ್ರತಿ ವಿವರವೂ ಆ ಕಾಲದ್ದೇ ಆಗಿರಬೇಕೆನ್ನುವ ಬಿಗಿ ತಂಡ. ಮೊದಲ ಬಗೆಗೆ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಒಳ್ಳೆಯ ಉದಾಹರಣೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಹಿತ್ತಲಿನಲ್ಲಿ ನಡೆದ ಕೂಟದಿಂದ ಬೆಳೆದ ಸಂಸ್ಥೆ ಇದು. 17ನೇ ಶತಮಾನಕ್ಕಿಂತ ಹಿಂದಿನ ಉಡುಪು ತೊಡಲು ನೀವು ಪ್ರಯತ್ನಪಟ್ಟಿದ್ದರೆ ಸಾಕು, ಒಳಗೆ ಬಿಡುತ್ತಾರೆ. ಹೊಸಬರಿಗೆಂದೇ ಎರವಲು ಬಟ್ಟೆ ಇಟ್ಟಿರುವ ಶಾಖೆಗಳೂ ಇವೆ. ವೈಕಿಂಗ್ ಕಾಲದವನೂ ಹದಿನಾರನೇ ಶತಮಾನದವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ!

ಬಿಗಿ ತಂಡಗಳಲ್ಲಿ ಇದು ನಡೆಯದು. ಬ್ರಿಟನ್ನಿನಲ್ಲಿ 1986ರಲ್ಲಿ ಹುಟ್ಟಿದ ರೇಜಿಯಾ ಆಂಗ್ಲೋರಮ್‌ನಂಥವು ಒಂದು ನಾಡು, ಒಂದು ಕಾಲಕ್ಕೆ ಅಂಟಿಕೊಳ್ಳುತ್ತವೆ. ಕೈಗಡಿಯಾರ ಬಿಚ್ಚಿಡಬೇಕು, ಕಣ್ಣಿಗೆ ಕಾಣುವ ಹೊಲಿಗೆ ಯಂತ್ರದ್ದಾಗಿದ್ದರೆ ಹುಬ್ಬುಗಳು ಮೇಲೇರುತ್ತವೆ.

ಕಾಳಗದಲ್ಲಿ ಲೆಕ್ಕವೇ ತಿರುವುಮುರುವು. ಎಸ್‌ಸಿಎಯ ಭಾರೀ ಕಾಳಗದಲ್ಲಿ, ಅಂದರೆ ಕವಚ ತೊಟ್ಟು ಆಡುವ ಕಾಳಗದಲ್ಲಿ, ಕತ್ತಿ ಬೆತ್ತದ್ದು, ಏಟು ಮಾತ್ರ ನಿಜವಾದದ್ದು. ಆದ್ದರಿಂದ ಉಕ್ಕಿನ ಶಿರಸ್ತ್ರಾಣವಿಲ್ಲದೆ ಅಂಗಳಕ್ಕೆ ಇಳಿಯುವಂತಿಲ್ಲ. ಬಿದ್ದ ಏಟು ಸಾಕಷ್ಟು ಬಲವಾಗಿತ್ತೇ ಎಂದು ತೀರ್ಮಾನಿಸುವವನು ಏಟು ತಿಂದವನೇ. ಈ ನಿಯಮ ನನಗೆ ಬಹಳ ಇಷ್ಟ. ಬಿಗಿ ತಂಡಗಳಲ್ಲಿ ಸಾಮಾನ್ಯವಾಗಿ ಮೊಂಡು ಮಾಡಿದ ಉಕ್ಕಿನ ಕತ್ತಿ ಹಿಡಿಯುತ್ತಾರೆ, ಹೊಡೆತವನ್ನು ಕೊನೆಯ ಗಳಿಗೆಯಲ್ಲಿ ತಡೆಯುತ್ತಾರೆ. ಅದನ್ನು ಕಲಿಯಲು ತಾಳ್ಮೆ ಬೇಕು.

ನೂಲು, ಬಣ್ಣ, ಅಡುಗೆಯ ವಿವರಗಳಲ್ಲಿ ಮುಳುಗುವ ಸ್ವಭಾವವಿದ್ದರೆ ಬಿಗಿ ತಂಡವೇ ಸರಿ. ಅದು ಇನ್ನೂ ಗೊತ್ತಿಲ್ಲದಿದ್ದರೆ ಸಡಿಲ ಬಳಗದಿಂದ ಶುರುಮಾಡಿ.

ಎಲ್ಲಿಗೆ ಹೋದರೂ ಕತ್ತಿ ಕೊಳ್ಳುವ ಮೊದಲು ಲಿನನ್ ಅಂಗಿಯೊಂದನ್ನು ಹೊಲಿದುಕೊಳ್ಳಿ. ಕಂಕುಳಲ್ಲಿ ಚೌಕದ ತುಂಡೊಂದನ್ನು ಸೇರಿಸಲು ಮರೆತರೆ, ತೋಳೆತ್ತಿದ ಕೂಡಲೇ ಹೊಲಿಗೆ ಚರ್ರೆನ್ನುತ್ತದೆ.